ಅಪ್‌ಡೇಟ್: 8 ಥ್ರೆಡ್‌ನಲ್ಲಿ ನಿಧಾನವಾಗಿದ್ದ ಪ್ಲಗಿನ್ ಈಗ ಓಡುತ್ತಿದೆ

ಹಿಸ್ಟೋಗ್ರಾಮ್ (ಫೋಟೋದಲ್ಲಿ ಯಾವ ಹೊಳಪಿನ ಪಿಕ್ಸೆಲ್ ಎಷ್ಟಿವೆ ಅನ್ನೋ ಲೆಕ್ಕ) ಎಣಿಸುವ ನನ್ನ ಫೋಟೋ ಪ್ಲಗಿನ್ 1 ಥ್ರೆಡ್‌ಗಿಂತ (ಥ್ರೆಡ್ ಅಂದರೆ ಒಟ್ಟಿಗೇ ನಡೆಯುವ ಕೆಲಸಗಳಲ್ಲಿ ಒಂದು ಎಳೆ) 8 ಥ್ರೆಡ್‌ನಲ್ಲೇ ನಿಧಾನ ಯಾಕೆ ಅಂತ ಹೋದ ವಾರ ಕೇಳಿದ್ದೆ. ಲಾಕ್ (ಒಂದು ಸಲಕ್ಕೆ ಒಂದೇ ಥ್ರೆಡ್ ಲೆಕ್ಕ ಬದಲಿಸಲು ಬಿಡುವ ಬೀಗ) ನೋಡಿ ಅಂದಿರಿ. ಅದೇ ಆಗಿತ್ತು! ಒಂದೊಂದು ಪಿಕ್ಸೆಲ್‌ಗೂ ಎಲ್ಲ ಥ್ರೆಡ್‌ಗಳು ಒಂದೇ ಲಾಕ್‌ಗಾಗಿ ಕಾಯುತ್ತಿದ್ದವು. ಈಗ ಪ್ರತಿ ಥ್ರೆಡ್‌ಗೂ ಅದರದ್ದೇ ಹೊಳಪಿನ ಮಟ್ಟಕ್ಕೊಂದರಂತೆ 256 ಮನೆಗಳ ಅರೇ (ಎಣಿಕೆ ಪಟ್ಟಿ) ಕೊಟ್ಟಿದ್ದೇನೆ. ಕೊನೆಗೆ ಒಮ್ಮೆ ಎಲ್ಲ ಕೂಡಿಸಿದರೆ ಸಾಕು.

ಇನ್ನೊಂದು ತಪ್ಪೂ ಸಿಕ್ಕಿತು. ಮೆಮೊರಿಯಲ್ಲಿ ಪಿಕ್ಸೆಲ್‌ಗಳು ಅಡ್ಡಸಾಲಾಗಿ ಕೂತಿರುತ್ತವೆ, ಅಲ್ವಾ? ನಾನು ಮೇಲಿಂದ ಕೆಳಗೆ ಓದುತ್ತಿದ್ದೆ. ಕ್ಯಾಶ್‌ಗೆ (ಪ್ರೊಸೆಸರ್ ಪಕ್ಕದ ಸಣ್ಣ, ವೇಗದ ಮೆಮೊರಿಗೆ) ತಂದ ಪಿಕ್ಸೆಲ್‌ಗಳು ಜಾಸ್ತಿ ಪಾಲು ಸುಮ್ನೆ ಹಾಳಾಗುತ್ತಿದ್ದವು. ಫೋಟೋವನ್ನು ಅಡ್ಡಪಟ್ಟಿಗಳಾಗಿ ಥ್ರೆಡ್‌ಗಳಿಗೆ ಹಂಚಿದ ಮೇಲೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಪ್ರೋಗ್ರೆಸ್ ಬಾರ್ (ಕೆಲಸ ಎಷ್ಟಾಯಿತು ಅಂತ ತೋರಿಸುವ ಪಟ್ಟಿ) ಇಂದ ಆಗುತ್ತಿದ್ದ ಕ್ರ್ಯಾಶ್ ಕೂಡ ನಿಂತಿತು, ಯಾಕಂದ್ರೆ ಈಗ ಆ ಬಾರ್ ಅನ್ನು ಮುಖ್ಯ ಥ್ರೆಡ್ ಮಾತ್ರ ಮುಟ್ಟುತ್ತದೆ.

ಜಯನಗರದಲ್ಲಿ ಅಕ್ಕನ ಸ್ಟುಡಿಯೋ ಇದೆ. ನಿನ್ನೆ ಮದುವೆ ಫೋಟೋಗಳನ್ನು ಈ ಪ್ಲಗಿನ್ ಬಳಸಿಯೇ ಮುಗಿಸಿದಳು. ಉತ್ತರಿಸಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್.