‘ಸುರತ್ರಾಣ’: ದೇವರನ್ನು ಕಾಯುವವನೋ, ಸುಲ್ತಾನನೋ?

ಗೆಳೆಯರೆ,

ವಿಜಯನಗರದ ಅರಸರ ಬಿರುದುಗಳಲ್ಲಿ ‘ಹಿಂದೂರಾಯ ಸುರತ್ರಾಣ’ ಎಂಬುದೊಂದಿದೆ. ಮೊನ್ನೆ ಒಬ್ಬರು ಭಾಷಣದಲ್ಲಿ ಇದನ್ನು ‘ಹಿಂದೂ ದೇವರುಗಳನ್ನು ಕಾಪಾಡಿದ ರಾಯ’ ಎಂದು ಬಿಡಿಸಿದರು. ಚಪ್ಪಾಳೆಯೂ ಬಿತ್ತು. ಸುರ ಎಂದರೆ ದೇವತೆ, ತ್ರಾಣ ಎಂದರೆ ಕಾಪು. ಸಮಾಸ ಬಿಡಿಸಿದರೆ ಹಾಗೇ ಬರುತ್ತದೆ, ಸರಿ. ಆದರೆ ‘ಸುಲ್ತಾನ್’ ಎಂಬ ಪದಕ್ಕೇ ಸಂಸ್ಕೃತದ ಉಡುಪು ತೊಡಿಸಿದ್ದು ಇದು ಎಂಬುದು ನನ್ನ ತಿಳಿವು.

ದೂರದ ರಾಜಸ್ಥಾನದ ರಾಣಕಪುರದ ಜೈನ ಬಸದಿಯಲ್ಲಿ 1439ರ ಶಾಸನವಿದೆ. ಅದರಲ್ಲಿ ದೆಹಲಿ, ಗುಜರಾತಿನ ಸುಲ್ತಾನರೂ ‘ಸುರತ್ರಾಣ’ರೇ, ಮೇವಾಡದ ರಾಣಾ ಕುಂಭನೂ ‘ಹಿಂದುಸುರತ್ರಾಣ’ನೇ. ದೆಹಲಿಯ ಸುಲ್ತಾನನನ್ನು ‘ದೇವತೆಗಳ ಕಾವಲುಗಾರ’ ಎನ್ನಲು ಬರುತ್ತದೆಯೇ?

ಕೃಷ್ಣದೇವರಾಯನ ಶಾಸನಗಳಲ್ಲಿ ಬರುವ ಶ್ಲೋಕದ ಈ ಭಾಗವನ್ನು ಒಮ್ಮೆ ಗಟ್ಟಿಯಾಗಿ ಓದಿ ನೋಡಿ:

ಮೂರುರಾಯರಗಂಡಶ್ಚ ಪರರಾಯಭಯಂಕರಃ
ಹಿಂದುರಾಯಸುರತ್ರಾಣೋ…

ನಮ್ಮ ‘ಮೂರು ರಾಯರ ಗಂಡ’ನಿಗೆ (ಮೂವರು ಅರಸರನ್ನು ಮೀರಿಸಿದ ವೀರನಿಗೆ) ‘ಶ್ಚ’ ಅಂಟಿಸಿ, ಪಾದಕ್ಕೆ ಎಂಟಕ್ಷರದ ಅನುಷ್ಟುಪ್ಪಿನೊಳಗೆ ಕೂರಿಸಿಬಿಟ್ಟಿದ್ದಾನೆ ಕವಿ! ಅದರ ಕೆಳಗೇ ಅರಬ್ಬಿ ಪದವಾದ ‘ಸುಲ್ತಾನ’. ಇಂಥ ಬೆಸ ಪಾದದಲ್ಲಿ 5ನೇ ಅಕ್ಷರ ಲಘು, 6 ಮತ್ತು 7 ಗುರು ಆಗಬೇಕಲ್ಲ, ‘ಸುರತ್ರಾ’ ಅಳತೆ ತೆಗೆದು ಹೊಲಿದ ಹಾಗಿದೆ. ‘ಸುಲ್ತಾನೋ’ ಎಂದಿದ್ದರೆ ಮೊದಲಕ್ಷರವೇ ಗುರುವಾಗಿ ಛಂದಸ್ಸು ಕೆಡುತ್ತಿತ್ತು.

ಹಾಗೆಂದು ‘ದೇವರ ಕಾಪು’ ಎಂಬ ಅರ್ಥ ಬರೀ ತಪ್ಪೆಂದು ತಳ್ಳಿಹಾಕಲೂ ನನಗೆ ಮನಸ್ಸಿಲ್ಲ. ಶಾಸನಕವಿಗೆ ಶ್ಲೇಷೆ ಕಾಣದೆ ಹೋಗಿರಲಾರದು. ಬಹಮನಿಯವರಿಗೆ ‘ನಾನೂ ಸುಲ್ತಾನನೇ’ ಎಂದು ಹೇಳಿದಂತಾಯಿತು, ಗುಡಿಗೆ ಬಂದವರಿಗೆ ದೇವರನ್ನು ಕಾಯುವವನಾಗಿಯೂ ಕೇಳಿಸಿತು. ತಾಮ್ರಪಟದ ಕೊನೆಯಲ್ಲಿ ಅರಸನ ಹೆಸರಿನ ಬದಲು ಕನ್ನಡ ಅಕ್ಷರದಲ್ಲಿ ‘ಶ್ರೀ ವಿರೂಪಾಕ್ಷ’ ಎಂದು ಒಪ್ಪ ಹಾಕಿಸುತ್ತಿದ್ದ ಆಸ್ಥಾನ ಅದು. ದತ್ತಿಗೆ ದೇವರದೇ ರುಜು ಬಿದ್ದ ಮೇಲೆ ತಕರಾರು ತೆಗೆಯುವವರು ಯಾರು?

ಪದದ ಜೊತೆ ಉಡುಪೂ ಬಂದಿತ್ತು. ಆಸ್ಥಾನದವರು ತೊಡುತ್ತಿದ್ದ ನಿಲುವಂಗಿ ‘ಕಬಾಯಿ’ ಅರಬ್ಬಿ ಮೂಲದ್ದು, ಉದ್ದ ಟೊಪ್ಪಿಗೆ ‘ಕುಲ್ಲಾಯಿ’ ಪಾರಸಿಯ ಕುಲಾಹ್. ನಮ್ಮಜ್ಜಿ ಕೂಸಿನ ತಲೆಗೆ ಕಟ್ಟುತ್ತಿದ್ದ ಕುಲಾವಿಯೂ ಅದೇ ಬಳಗದ್ದು.

ಈಗ ನನ್ನ ಪ್ರಶ್ನೆ. ‘ಹಿಂದೂರಾಯ ಸುರತ್ರಾಣ’ವನ್ನು ‘ಹಿಂದೂ ರಾಯರಲ್ಲಿ ಸುಲ್ತಾನ’ ಎಂದು ಬಿಡಿಸಬೇಕೋ, ‘ಹಿಂದೂ ರಾಯರಿಗೆ ಸುಲ್ತಾನ’ ಎಂದೋ? ಮೊದಲನೆಯದರಲ್ಲಿ ಅವನು ಅವರಲ್ಲೊಬ್ಬ, ಎರಡನೆಯದರಲ್ಲಿ ಅವರ ಒಡೆಯ. ಪಕ್ಕದ ‘ಮೂರು ರಾಯರ ಗಂಡ’ದ ಗತ್ತು ನೋಡಿದರೆ ನಾನು ಎರಡನೆಯದಕ್ಕೇ ವಾಲುತ್ತೇನೆ. ಅರಸನ ಬಿರುದಾಗಿ ಅಲ್ಲದೆ, ದೇವರ ವಿಶೇಷಣವಾಗಿ ‘ಸುರತ್ರಾಣ’ವನ್ನು ಯಾವುದಾದರೂ ಹಳೆಯ ಕನ್ನಡ ಕಾವ್ಯದಲ್ಲಿ ಕಂಡವರಿದ್ದರೆ ಪದ್ಯದ ಸಮೇತ ತಿಳಿಸಿ.