ಫಿಸಿಯೋ ಮೇಡಂಗೆ ಕೇಳಿ: ನಿಶಿಕೋರಿಯ ಗಾಯಗಳು, ನಮ್ಮ ನೋವುಗಳು

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಹೋದ ವಾರ ಇಲ್ಲಿ ಟೆನಿಸ್ ಆಟಗಾರ ಕೇ ನಿಶಿಕೋರಿ ಬಗ್ಗೆ ಶುರುವಾದ ಮಾತು ನಿಲ್ಲಲೇ ಇಲ್ಲ. ಅರ್ಧ ಆಟ ಗಾಯದಲ್ಲೇ ಹೋಯಿತು ಅಂತ ಒಬ್ಬರು, ಮೈಯಲ್ಲಿ ಗಟ್ಟಿ ಇರಲಿಲ್ಲ ಅಂತ ಇನ್ನೊಬ್ಬರು. ಅದಕ್ಕೇ ನಮ್ಮ ಫಿಸಿಯೋ ಮೇಡಂ ಇವತ್ತು ಸಂಜೆ ಉತ್ತರ ಕೊಡಲು ಒಪ್ಪಿದ್ದಾರೆ. ಟೆನಿಸ್ ಆಡುವವರ ಕೈಕಾಲು ನೋಡಿಕೊಂಡು ಅವರಿಗೆ 20 ವರ್ಷ ಆಯಿತು. ಗೊತ್ತಿಲ್ಲದವರಿಗೆ: ನಿಶಿಕೋರಿ ಹುಟ್ಟಿದ್ದು 1989ರಲ್ಲಿ, ಜಪಾನಿನ ಮಾತ್ಸುಎ ಊರಲ್ಲಿ. 2015ರಲ್ಲಿ ವಿಶ್ವದ 4ನೇ ಸ್ಥಾನಕ್ಕೆ ಏರಿದವರು. 12 ಎಟಿಪಿ (ಗಂಡಸರ ವೃತ್ತಿಪರ ಟೆನಿಸ್) ಪ್ರಶಸ್ತಿ. ಒಂದೇ ಕಂಡೀಶನ್, ಫಾರ್ವರ್ಡ್ ಮೆಸೇಜ್ ಬೇಡ.

ಫಿಸಿಯೋ ಮೇಡಂ: ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ. ನಿಶಿಕೋರಿಯನ್ನು ನಾನು ಮುಟ್ಟಿ ನೋಡಿಲ್ಲ. ಹೊರಗೆ ಬಂದ ಸುದ್ದಿ, ಟಿವಿಯಲ್ಲಿ ಕಂಡ ಆಟ, ಅಷ್ಟೇ ನನ್ನ ಆಧಾರ. ನಿಮ್ಮನ್ನೂ ಇಲ್ಲಿಂದ ಮುಟ್ಟಿ ನೋಡಲು ಆಗುವುದಿಲ್ಲ. ಕೇಳಿ.

ಬೇಸ್‌ಲೈನ್ ಭಟ್ಟ: ಮೇಡಂ, ನೇರ ಪ್ರಶ್ನೆ. 178 ಸೆಂಟಿಮೀಟರ್ ಎತ್ತರದ ಮೈ ಈ ಕಾಲದ ಟೆನಿಸ್‌ಗೆ ಸಾಲಲಿಲ್ಲ, ಅದಕ್ಕೇ ಮುರಿಯಿತು. ಹೌದೋ ಅಲ್ವೋ?

ಫಿಸಿಯೋ ಮೇಡಂ: ಪೂರ್ತಿ ಹೌದಲ್ಲ ಭಟ್ಟರೇ. ಇನ್ನೊಬ್ಬ ಆಟಗಾರ ಡೆಲ್ ಪೊಟ್ರೋ 198 ಸೆಂಟಿಮೀಟರ್. ಅವರ ಎರಡೂ ಮಣಿಕಟ್ಟಿಗೆ ಸೇರಿ ನಾಲ್ಕು ಆಪರೇಷನ್ ಆಯಿತು, ಆಮೇಲೆ ಮಂಡಿ. ಡೇವಿಡ್ ಫೆರರ್ 175, ಎಷ್ಟೋ ವರ್ಷ ಎತ್ತಿನ ಹಾಗೆ ದುಡಿದರು. ಎತ್ತರ ಬೇರೆ ದಾರಿಯಲ್ಲಿ ಬರುತ್ತದೆ. ಎತ್ತರದವರಿಗೆ ಸರ್ವ್‌ನಲ್ಲಿ ಬಿಟ್ಟಿ ಪಾಯಿಂಟ್ ಸಿಗುತ್ತದೆ. ನಿಶಿಕೋರಿಗೆ ಸಿಗುವುದು ಕಡಿಮೆ. ಒಂದೊಂದು ಪಾಯಿಂಟನ್ನೂ ಓಡಿ ಓಡಿ ಗಳಿಸಬೇಕು. ಮೇಲಾಗಿ ಇವರು ಚೆಂಡನ್ನು ಏಳುವಾಗಲೇ ಹೊಡೆಯುತ್ತಾರೆ, ನೆಗೆದು ಫೋರ್‌ಹ್ಯಾಂಡ್ ಬೀಸುತ್ತಾರೆ. ನೋಡಲು ಸೊಗಸು. ಆದರೆ ಕಾಲು ನೆಲದಲ್ಲಿ ಇಲ್ಲದಾಗ ತಿರುಗುವ ಕೆಲಸವೆಲ್ಲ ಬೆನ್ನು, ಹೊಟ್ಟೆಯ ಸ್ನಾಯು, ಭುಜದ ಪಾಲಿಗೆ.

2014ರ ಯುಎಸ್ ಓಪನ್ ತೆಗೆದುಕೊಳ್ಳಿ. ಆಗಸ್ಟ್‌ನಲ್ಲಿ ಕಾಲಿನ ಹೆಬ್ಬೆರಳಿನ ಗಂಟು ತೆಗೆಸಿ ಬಂದಿದ್ದರು. ರಾವ್‌ನಿಚ್ ಮೇಲೆ ಐದು ಸೆಟ್, ಮುಗಿದಾಗ ರಾತ್ರಿ 2 ಗಂಟೆ 26 ನಿಮಿಷ. ಮುಂದಿನ ಮ್ಯಾಚ್ ವಾವ್ರಿಂಕಾ ಮೇಲೆ, ಮತ್ತೆ ಐದು ಸೆಟ್. ಆಮೇಲೆ ಬಿಸಿಲಲ್ಲಿ ಜೊಕೊವಿಚ್‌ರನ್ನೇ ಸೋಲಿಸಿದರು. ಗ್ರ್ಯಾಂಡ್‌ಸ್ಲ್ಯಾಮ್ ಸಿಂಗಲ್ಸ್ ಫೈನಲ್ ಮುಟ್ಟಿದ ಮೊದಲ ಏಷ್ಯಾದ ಗಂಡಸು. ಫೈನಲ್‌ನಲ್ಲಿ ಚಿಲಿಚ್ ಎದುರು 6-3, 6-3, 6-3. ಆ ದಿನ ಕಾಲುಗಳೇ ಬರುತ್ತಿರಲಿಲ್ಲ. ಫೈನಲ್‌ನಲ್ಲಿ ಸೋತರು ಅನ್ನುತ್ತಾರೆ ಜನ. ನನ್ನ ಕಣ್ಣಿಗೆ ಆ ಸೋಲು ಹಿಂದಿನ ಮೂರು ಮ್ಯಾಚ್‌ಗಳಲ್ಲೇ ಆಗಿಹೋಗಿತ್ತು.

ಬೇಸ್‌ಲೈನ್ ಭಟ್ಟ: 2019ರ ಆಸ್ಟ್ರೇಲಿಯನ್ ಓಪನ್ ಕೂಡ ಅದೇ ಕಥೆ. ಕರೆನ್ಯೊ ಬುಸ್ತಾ ಮೇಲೆ 5 ಗಂಟೆ 5 ನಿಮಿಷ ಆಡಿ ಗೆದ್ದರು. ಕ್ವಾರ್ಟರ್ ಫೈನಲ್‌ನಲ್ಲಿ ಜೊಕೊವಿಚ್ ಎದುರು ಎರಡನೇ ಸೆಟ್ಟಿನಲ್ಲೇ ಕೈಬಿಟ್ಟರು.

ಫಿಸಿಯೋ ಮೇಡಂ: ಹೌದು, ಅದೇ.

ಸಂಜೆ ಡಬಲ್ಸ್: ಡಾಕ್ಟ್ರೇ, ನನಗೆ 52. ಮೂರು ತಿಂಗಳಿಂದ ಟೆನಿಸ್ ಎಲ್ಬೋ. ಹಾಲಿನ ಪಾತ್ರೆ ಎತ್ತಲೂ ಆಗುತ್ತಿಲ್ಲ. ನಿಶಿಕೋರಿ ಮೊಣಕೈಗೆ ಏನು ಮಾಡಿಸಿದರು? ನಾನೂ ಆಪರೇಷನ್ ಮಾಡಿಸಲಾ? ಬೆಲ್ಟ್ ಹಾಕಬಹುದಾ?

ಫಿಸಿಯೋ ಮೇಡಂ: ಡಾಕ್ಟರ್ ಬೇಡ, ಫಿಸಿಯೋ ಸಾಕು. ಅವರ ಮೊಣಕೈಗೆ 2009ರಲ್ಲಿ ಒಂದು ಆಪರೇಷನ್, 2019ರಲ್ಲಿ ಇನ್ನೊಂದು. ಎರಡನೆಯದು ಬೆಳೆದಿದ್ದ ಮೂಳೆಯ ಮುಳ್ಳು ತೆಗೆಸಲು. ನಿಮ್ಮದು ಅದಲ್ಲ. ಹೊರಬದಿಯ ಟೆಂಡನ್ (ಸ್ನಾಯುವನ್ನು ಮೂಳೆಗೆ ಹಿಡಿದಿಡುವ ಹುರಿ) ದಣಿದಿದೆ, ಅಷ್ಟೇ. ಹೆಚ್ಚಿನವರಿಗೆ ಆಪರೇಷನ್ ಬೇಕಾಗುವುದೇ ಇಲ್ಲ. ಕೈಯನ್ನು ಪೂರ್ತಿ ಕಟ್ಟಿಡಬೇಡಿ. ಅರ್ಧ ಅಥವಾ ಒಂದು ಕೆಜಿ ತೂಕ ಹಿಡಿದು, ಅಂಗೈ ಕೆಳಗೆ ಮಾಡಿ, ಮಣಿಕಟ್ಟನ್ನು ನಿಧಾನವಾಗಿ ಇಳಿಸಿ. ದಿನ ಬಿಟ್ಟು ದಿನ. ರ‍್ಯಾಕೆಟ್‌ನ ದಾರದ ಬಿಗಿ ಸ್ವಲ್ಪ ಇಳಿಸಿ. ವಾಸಿಯಾಗಲು ವಾರಗಳಲ್ಲ, ತಿಂಗಳುಗಳು ಬೇಕು.

ಶುಭೋದಯ ಅಂಕಲ್: 🙏 ನಿಶಿಕೋರಿಯ ಗುಟ್ಟು ಬಯಲು! ಜಪಾನಿ ನೀರಿನ ಚಿಕಿತ್ಸೆ. ಬೆಳಿಗ್ಗೆ ಹಲ್ಲುಜ್ಜುವ ಮೊದಲು 4 ಲೋಟ ನೀರು. ಮಣಿಕಟ್ಟು, ಮಂಡಿ, ಸಕ್ಕರೆ ಕಾಯಿಲೆ ಎಲ್ಲಾ ಮಾಯ. ಹತ್ತು ಜನಕ್ಕೆ ಕಳಿಸಿ.

ಫಿಸಿಯೋ ಮೇಡಂ: ಅಂಕಲ್, ನೀರು ಕುಡಿಯಿರಿ, ಒಳ್ಳೆಯದು. ಮಣಿಕಟ್ಟಿನ ಟೆಂಡನ್ ಅದರಿಂದ ಕೂಡುವುದಿಲ್ಲ. ನಾಲ್ಕು ಲೋಟಕ್ಕೆ ವಾಸಿಯಾಗಿದ್ದರೆ ನಿಶಿಕೋರಿ ಮಣಿಕಟ್ಟಿನ ಗಾಯಕ್ಕೆ 2017ರ ಆಗಸ್ಟ್‌ನಿಂದ ವರ್ಷದ ಕೊನೆಯವರೆಗೆ ಮನೆಯಲ್ಲಿ ಯಾಕೆ ಕೂರುತ್ತಿದ್ದರು?

ಡ್ರಾಪ್‌ಶಾಟ್ ರಾಣಿ: ಮೇಡಂ, ಆ ಮಣಿಕಟ್ಟಿಗೆ ಅವರು ಆಪರೇಷನ್ ಮಾಡಿಸಲಿಲ್ಲ ಅಲ್ವಾ? ಅದು ಸರಿಯಾದ ನಿರ್ಧಾರವೇ?

ಫಿಸಿಯೋ ಮೇಡಂ: ಒಳ್ಳೆಯ ಪ್ರಶ್ನೆ. ಬಂದು ಬರೆಯುತ್ತೇನೆ, ಮೊದಲು ಕೆಳಗಿನ ಅಪ್ಪನಿಗೆ ಉತ್ತರ ಕೊಡಬೇಕು.

ಹಾಸನದ ಅಪ್ಪ: ಮೇಡಂ, ಮಗನಿಗೆ 14. ವಾರಕ್ಕೆ ಆರು ದಿನ ಟೆನಿಸ್, ಭಾನುವಾರ ಸ್ಕೂಲ್ ಕ್ರಿಕೆಟ್‌ನಲ್ಲಿ ಬೌಲಿಂಗ್. ಐದು ವಾರದಿಂದ ಸೊಂಟದ ಮೇಲೆ ಎಡಗಡೆ ನೋವು. ಸರ್ವ್ ಮಾಡುವಾಗ ಜಾಸ್ತಿ. ಎಕ್ಸ್‌ರೇ ನಾರ್ಮಲ್. ಸೊಂಟ ಹಿಡಿದಿದೆ ಅಂತ ನಮ್ಮ ಊರಲ್ಲಿ ಕಾಲು ಮುಂದಾಗಿ ಹುಟ್ಟಿದವರೊಬ್ಬರಿಂದ ಮೂರು ಸಲ ಒದೆಸಿದೆವು. ಎರಡು ದಿನ ಕಡಿಮೆ ಇತ್ತು. ಮುಂದಿನ ವಾರ ರಾಜ್ಯ ಮಟ್ಟದ ಟೂರ್ನಮೆಂಟ್. ಮಾತ್ರೆ ಕೊಟ್ಟು ಆಡಿಸಬಹುದಾ? ನಿಶಿಕೋರಿಯನ್ನು 13ಕ್ಕೇ ಫ್ಲೋರಿಡಾಗೆ ಕಳಿಸಿದ್ದರಂತೆ. ಇವನನ್ನೂ ಹಾಗೆ ಕಳಿಸುವ ಆಸೆ.

ಫಿಸಿಯೋ ಮೇಡಂ: ಸರ್, ದಯವಿಟ್ಟು ಇದನ್ನು ಪೂರ್ತಿ ಓದಿ.

ಮೊದಲನೆಯದು, ಇನ್ನೊಮ್ಮೆ ಒದೆಸಬೇಡಿ. ತುಳಿಸಬೇಡಿ, ನೆಟಿಕೆ ತೆಗೆಸಬೇಡಿ. ನಂಬಿಕೆಯ ವಿಷಯ ಎತ್ತುತ್ತಿಲ್ಲ. ಆ ಜಾಗದ ಮೂಳೆ ಬಿರುಕು ಬಿಟ್ಟಿದ್ದರೆ ಒದೆತ ಅದನ್ನು ದೊಡ್ಡದು ಮಾಡುತ್ತದೆ.

ಬೆಳೆಯುವ ಮಕ್ಕಳ ಬೆನ್ನುಮೂಳೆಯ ಹಿಂಭಾಗದಲ್ಲಿ ಒಂದು ಸಣ್ಣ ಸೇತುವೆಯಂಥ ಜಾಗ ಇದೆ. ಬೆನ್ನನ್ನು ಹಿಂದಕ್ಕೆ ಬಗ್ಗಿಸಿ, ಅದರ ಜೊತೆಗೇ ತಿರುಗಿಸಿದಾಗ ಭಾರ ಅಲ್ಲಿ ಬೀಳುತ್ತದೆ. ಟೆನಿಸ್ ಸರ್ವ್ ಅಂದರೆ ಅದೇ. ಬೌಲಿಂಗ್ ಅಂದರೂ ಅದೇ. ನಿಮ್ಮ ಹುಡುಗನಿಗೆ ವಾರಕ್ಕೆ ಏಳು ದಿನ ಅದೇ ಜಾಗಕ್ಕೆ ಪೆಟ್ಟು. ಕಬ್ಬಿಣದ ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಾ ಹೋದರೆ ಒಂದು ದಿನ ಬಿರುಕು ಬರುತ್ತದಲ್ಲ, ಹಾಗೆ ಕೂದಲೆಳೆಯ ಬಿರುಕು. ಎಕ್ಸ್‌ರೇಯಲ್ಲಿ ಶುರುವಿನಲ್ಲಿ ಇದು ಎಷ್ಟೋ ಸಲ ಕಾಣುವುದೇ ಇಲ್ಲ. ಹಾಗಾಗಿ ನಾರ್ಮಲ್ ಅಂದ ಮಾತ್ರಕ್ಕೆ ನಿಶ್ಚಿಂತೆ ಬೇಡ. ಇದೇ ಆಗಿದೆ ಅಂತ ನಾನು ಹೇಳುತ್ತಿಲ್ಲ. ಆಡುವ ಹುಡುಗನಿಗೆ ಐದು ವಾರ ಒಂದೇ ಕಡೆ ನೋವು, ಬೆನ್ನು ಹಿಂದಕ್ಕೆ ಬಗ್ಗಿಸಿದರೆ ಜಾಸ್ತಿ ಅಂದರೆ ಇದಲ್ಲ ಅಂತ ಖಾತ್ರಿ ಆಗುವವರೆಗೆ ಇದೇ ಅಂದುಕೊಂಡು ನಡೆಯಬೇಕು.

ನಾಳೆಯೇ ಮೂಳೆ ಡಾಕ್ಟರ್ ಹತ್ತಿರ ಹೋಗಿ, ಎಂಆರ್‌ಐ ಬೇಕಾ ಅಂತ ಕೇಳಿ. ಸರ್ವ್, ಬೌಲಿಂಗ್ ಎರಡೂ ಇವತ್ತಿಂದಲೇ ಬಂದ್. ಟೂರ್ನಮೆಂಟ್ ಬೇಡ. ಮಾತ್ರೆ ಕೊಟ್ಟು ಆಡಿಸಿದರೆ ನೋವು ಕೊಡುವ ಎಚ್ಚರಿಕೆ ನಿಲ್ಲುತ್ತದೆ, ಬಿರುಕು ನಿಲ್ಲುವುದಿಲ್ಲ. ಬೇಗ ಸಿಕ್ಕಿದರೆ ಸುಮಾರು ಮೂರು ತಿಂಗಳು ಆಟ ಬಿಟ್ಟು, ಆಮೇಲೆ ಹೊಟ್ಟೆ, ಸೊಂಟ, ತೊಡೆಯ ವ್ಯಾಯಾಮ ಮಾಡಿ ಮಕ್ಕಳು ಚೆನ್ನಾಗಿಯೇ ಮರಳುತ್ತಾರೆ. ಕಾಲು ಜೋಮು ಹಿಡಿದರೆ, ಜ್ವರ ಬಂದರೆ, ರಾತ್ರಿ ನೋವಿಗೆ ಎಚ್ಚರವಾದರೆ, ಮೂತ್ರದ ತೊಂದರೆ ಕಂಡರೆ ನಾಳೆಯವರೆಗೂ ಕಾಯಬೇಡಿ.

ಫ್ಲೋರಿಡಾ ವಿಷಯ. ನಿಶಿಕೋರಿಯನ್ನು ಕಳಿಸಿದ್ದು ಮಸಾಕಿ ಮೊರಿತಾ ಅವರ ಟೆನಿಸ್ ನಿಧಿ. ಇಂಗ್ಲಿಷ್ ಬಾರದ ಹುಡುಗ ಹೋಗಿ ಹಾಸ್ಟೆಲ್ ಸೇರಿದ. 18ಕ್ಕೆ ಡೆಲ್ರೆ ಬೀಚ್‌ನಲ್ಲಿ ಕ್ವಾಲಿಫೈಯರ್ ಆಗಿ, ಅಂದರೆ ಅರ್ಹತಾ ಸುತ್ತು ಆಡಿ ಬಂದು ಜೇಮ್ಸ್ ಬ್ಲೇಕ್‌ರನ್ನು ಸೋಲಿಸಿ ಪ್ರಶಸ್ತಿ ಗೆದ್ದ. ಈ ಭಾಗ ಎಲ್ಲರಿಗೂ ಬಾಯಿಪಾಠ. ಮುಂದಿನ ವರ್ಷವೇ ಮೊಣಕೈ ಹೋಗಿ, ರ‍್ಯಾಂಕಿಂಗ್ ಬಿದ್ದು, ಹತ್ತಿರ ಹತ್ತಿರ ಒಂದು ವರ್ಷ ಆಟ ಬಿಟ್ಟಿದ್ದನ್ನು ಮಾತ್ರ ಯಾವ ಅಪ್ಪನೂ ಹೇಳುವುದಿಲ್ಲ.

ಹಾಸನದ ಅಪ್ಪ: ಆದರೆ ಮೇಡಂ, ದೊಡ್ಡ ಆಟಗಾರರು ನೋವಿನಲ್ಲೂ ಆಡುತ್ತಾರಲ್ಲ? ಮ್ಯಾಡ್ರಿಡ್ ಫೈನಲ್‌ನಲ್ಲಿ ನಿಶಿಕೋರಿ ಬೆನ್ನು ನೋವಿಟ್ಟುಕೊಂಡೇ ನಡಾಲ್ ಮೇಲೆ ಆಡಿದ್ದ.

ಫಿಸಿಯೋ ಮೇಡಂ: ಆಡಿದ್ದ. 2014ರಲ್ಲಿ, 6-2, 4-2 ಮುಂದಿದ್ದ, ಅದೂ ಮಣ್ಣಿನ ಕೋರ್ಟಿನಲ್ಲಿ. ಆಮೇಲೆ ಏನಾಯಿತು? ಎರಡನೇ ಸೆಟ್ ಹೋಯಿತು, ಮೂರನೆಯದರಲ್ಲಿ 0-3 ಇದ್ದಾಗ ಕೈಮುಗಿದು ಹೊರಟ. ಅವನಿಗೆ 24, ಬೆಳೆದು ಮುಗಿದ ಮೂಳೆ, ಕೋರ್ಟಿನಲ್ಲೇ ಟ್ರೈನರ್. ಅಂಥವನೇ ನಿಲ್ಲಿಸಿದ ಸರ್.

ಕೊಡಗಿನ ಕುಡಿ: ನಮ್ಮ ರೋಹನ್ ಬೋಪಣ್ಣ ಅವರನ್ನು ನೋಡಿ. ಮಂಡಿ ಸವೆದಿತ್ತು. ಅಯ್ಯಂಗಾರ್ ಯೋಗ ಮಾಡಿ 43ರಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದರು. ನಿಶಿಕೋರಿಯೂ ಯೋಗ ಮಾಡಿದ್ದರೆ ಕಥೆಯೇ ಬೇರೆ.

ಬೇಸ್‌ಲೈನ್ ಭಟ್ಟ: ಡಬಲ್ಸ್‌ಗೂ ಸಿಂಗಲ್ಸ್‌ಗೂ ಹೋಲಿಕೆಯಾ? ಅರ್ಧ ಕೋರ್ಟ್ ಓಡಿದರೆ ಸಾಕು ಅಲ್ಲಿ.

ಕೊಡಗಿನ ಕುಡಿ: ಅರ್ಧ ಕೋರ್ಟ್ ಅಂತ ಸುಮ್ನೆ ಹೇಳಬೇಡಿ. ವಿಶ್ವದ ನಂಬರ್ 1 ಆದವರು ಅವರು. ನಿಮ್ಮ ನಿಶಿಕೋರಿ 4ಕ್ಕೆ ನಿಂತ.

ಬೇಸ್‌ಲೈನ್ ಭಟ್ಟ: 2011ರಲ್ಲಿ ಟೋಕಿಯೋದಲ್ಲಿ ಡೇವಿಸ್ ಕಪ್‌ನಲ್ಲಿ ಜಪಾನ್ ನಮ್ಮನ್ನು ಸೋಲಿಸಿದ್ದು ನೆನಪಿದೆಯಾ? ಇಬ್ಬರೂ ಆ ತಂಡಗಳಲ್ಲಿ ಇದ್ದರು.

ಕೊಡಗಿನ ಕುಡಿ: ಅದಕ್ಕೂ ಯೋಗಕ್ಕೂ ಏನು ಸಂಬಂಧ?

ಒಸಾಕಾ ಅಭಿಮಾನಿ: ಜಪಾನ್ ಅಂದರೆ ನವೋಮಿ ಒಸಾಕಾ. ನಾಲ್ಕು ಗ್ರ್ಯಾಂಡ್‌ಸ್ಲ್ಯಾಮ್. ಒಂದೂ ಗೆಲ್ಲದವನಿಗೆ ಇಷ್ಟು ದೊಡ್ಡ ಚರ್ಚೆ ಯಾಕೋ.

ಬೇಸ್‌ಲೈನ್ ಭಟ್ಟ: 1920ರಲ್ಲಿ ಕುಮಾಗೇ ಬೆಳ್ಳಿ ತಂದ ಮೇಲೆ ಜಪಾನಿಗೆ ಟೆನಿಸ್‌ನಲ್ಲಿ ಒಲಿಂಪಿಕ್ ಪದಕ ಬಂದಿದ್ದು 2016ರಲ್ಲಿ. ರಿಯೋದಲ್ಲಿ, ನಡಾಲ್‌ರನ್ನು ಸೋಲಿಸಿ, ಇದೇ "ಒಂದೂ ಗೆಲ್ಲದವನು" ತಂದ ಕಂಚು.

ಡ್ರಾಪ್‌ಶಾಟ್ ರಾಣಿ: ನೀವಿಬ್ಬರೂ ಕಿಮಿಕೋ ದಾತೆಯನ್ನು ಮರೆತಿರಿ. ಅವರೂ ಜಪಾನಿನವರೇ, ಹೆಂಗಸರ ಆಟದಲ್ಲಿ 4ನೇ ಸ್ಥಾನ ಮುಟ್ಟಿದ್ದರು. 1996ರಲ್ಲಿ ನಿವೃತ್ತಿ, 2008ರಲ್ಲಿ ವಾಪಸ್. 2009ರಲ್ಲಿ ಸಿಯೋಲ್‌ನಲ್ಲಿ ಪ್ರಶಸ್ತಿ, 39 ತುಂಬಲು ಒಂದು ದಿನ ಬಾಕಿ ಇತ್ತು. ಮೇಡಂ, ನನ್ನ ಮಣಿಕಟ್ಟಿನ ಪ್ರಶ್ನೆ?

ಫಿಸಿಯೋ ಮೇಡಂ: ಬಂದೆ. ಸರಿಯೋ ತಪ್ಪೋ ಅಂತ ಹೊರಗಿನಿಂದ ಹೇಳಲು ನನಗೆ ಹಕ್ಕಿಲ್ಲ. ನನಗೆ ಹಿಡಿಸಿದ್ದು ಅವರು ಮರಳಿದ ರೀತಿ. 2018ರ ಜನವರಿಯಲ್ಲಿ ದೊಡ್ಡ ಟೂರ್ನಮೆಂಟ್‌ಗೆ ನುಗ್ಗಲಿಲ್ಲ. ಆಸ್ಟ್ರೇಲಿಯಾ ಬಿಟ್ಟು ನ್ಯೂಪೋರ್ಟ್ ಬೀಚ್‌ನ ಚಾಲೆಂಜರ್‌ಗೆ (ಒಂದು ಮೆಟ್ಟಿಲು ಕೆಳಗಿನ ಟೂರ್ನಮೆಂಟ್) ಹೋದರು. ಮೊದಲ ಮ್ಯಾಚೇ ಸೋತರು. ಅವಮಾನ ಅಂದುಕೊಳ್ಳಲಿಲ್ಲ. ಡಲ್ಲಾಸ್‌ನಲ್ಲಿ ಇನ್ನೊಂದು ಚಾಲೆಂಜರ್ ಆಡಿ ಗೆದ್ದರು. ಏಪ್ರಿಲ್‌ಗೆ ಮಾಂಟೆ ಕಾರ್ಲೋ ಫೈನಲ್. 2022ರಲ್ಲಿ ಸೊಂಟದ ಕೀಲಿನ ಆಪರೇಷನ್ ಆದ ಮೇಲೂ ಹಾಗೆಯೇ. ಸುಮಾರು 20 ತಿಂಗಳು ಮ್ಯಾಚ್ ಇಲ್ಲ, ರ‍್ಯಾಂಕಿಂಗೇ ಇಲ್ಲ. 2023ರ ಜೂನ್‌ನಲ್ಲಿ ಪೋರ್ಟೊರಿಕೊದ ಚಾಲೆಂಜರ್‌ಗೆ ಬಂದು ಗೆದ್ದರು. 2025ರ ಶುರುವಿನಲ್ಲಿ ಹಾಂಕಾಂಗ್ ಫೈನಲ್ ಆಡಿದಾಗ ವಯಸ್ಸು 35. ನನ್ನ ಹತ್ತಿರ ಬರುವವರು ಮಾತ್ರ ಪ್ಲಾಸ್ಟರ್ ಬಿಚ್ಚಿದ ವಾರವೇ ಕ್ಲಬ್ ಫೈನಲ್ ಆಡಬೇಕು ಅನ್ನುತ್ತಾರೆ.

ಲೈನ್ ಕಾಲ್: ನನಗೂ ಟೆನಿಸ್ ಎಲ್ಬೋ. ಏನು ಮಾಡಲಿ?

ಫಿಸಿಯೋ ಮೇಡಂ: ಮೇಲೆ ಬರೆದಿದ್ದೇನೆ.

ಬೆಳಗಿನ ವಾಕ್: ಮಂಡಿ ಮಡಚಿದರೆ ಕಟಕಟ ಅನ್ನುತ್ತದೆ. ಯಾವ ಶೂ ಒಳ್ಳೆಯದು?

ಶುಭೋದಯ ಅಂಕಲ್: ಎಲ್ಬೋಗೆ ಎಕ್ಕದ ಎಲೆ ಬಿಸಿ ಮಾಡಿ ಕಟ್ಟಿ, ಅದರ ಹಾಲು ಹಚ್ಚಿ. ಉಳುಕಿಗೆ ಸುಣ್ಣ ಬೆಲ್ಲ. ನಮ್ಮ ಹಿರಿಯರು ಇದರಲ್ಲೇ ಗಟ್ಟಿಯಾಗಿದ್ದರು.

ಫಿಸಿಯೋ ಮೇಡಂ: ಅಂಕಲ್, ಸಾಕು. ಎಕ್ಕದ ಹಾಲು ಚರ್ಮ ಸುಡುತ್ತದೆ, ಕಣ್ಣಿಗೆ ತಾಗಿದರೆ ದೃಷ್ಟಿಗೇ ಕುತ್ತು. ಸುಣ್ಣ ಬೆಲ್ಲ ಕಟ್ಟಿಕೊಂಡು ಮೊಣಕೈ ಪೂರ್ತಿ ಬೊಬ್ಬೆ ಎದ್ದು ಬಂದವರನ್ನು ನಾನೇ ನೋಡಿದ್ದೇನೆ. ನೋವು ಅಲ್ಲೇ ಇತ್ತು, ಮೇಲೊಂದು ಗಾಯ. ಇದನ್ನು ಓದಿ ಯಾರಾದರೂ ಮಗುವಿಗೆ ಹಚ್ಚಿದರೆ ಹೊಣೆ ಯಾರದು?

ಶುಭೋದಯ ಅಂಕಲ್: ನಾನು ಒಳ್ಳೆಯದಕ್ಕೇ ಹೇಳಿದ್ದು. ಓದಿದವರಿಗೆ ಹಿರಿಯರು ಬೇಡ ಅಷ್ಟೇ.

ಲೈನ್ ಕಾಲ್: ಅಂಕಲ್, ಮೊದಲು ನಿಮ್ಮ ಎಲ್ಬೋಗೆ ಹಚ್ಚಿ ಫೋಟೋ ಹಾಕಿ.

ಕೊಡಗಿನ ಕುಡಿ: ಹಿರಿಯರ ಜೊತೆ ಹೀಗಾ ಮಾತಾಡೋದು?

ಬೇಸ್‌ಲೈನ್ ಭಟ್ಟ: ಯೋಗ ಮುಗಿದ ಮೇಲೆ ಈಗ ಸಂಸ್ಕಾರದ ಕ್ಲಾಸ್.

ಚೆನ್ನಪಟ್ಟಣ ಸ್ಮ್ಯಾಶ್: ಮೇಡಂ, ಟೆನಿಸ್ ಎಲ್ಬೋಗೆ ಇಂಜೆಕ್ಷನ್ ಹಾಕಿಸಲಾ?

ಫಿಸಿಯೋ ಮೇಡಂ: ಸುಮ್ನೆ ಹಾಕಿಸಬೇಡಿ. ಬೇಗ ಆರಾಮ ಅನ್ನಿಸುತ್ತದೆ, ಮತ್ತೆ ಮರಳುತ್ತದೆ. ಮಿಕ್ಕಿದ್ದು ಮೇಲೆ ಇದೆ. ಇದು ನಾಲ್ಕನೇ ಎಲ್ಬೋನೋ ಐದನೆಯದೋ, ಲೆಕ್ಕ ಬಿಟ್ಟೆ.

ಅಡ್ಮಿನ್: ಜಗಳ ನಿಲ್ಲಿಸಿ. ಇನ್ನು ಹತ್ತು ನಿಮಿಷ. ಅಂಕಲ್ ಅವರ ಎರಡು ಮೆಸೇಜ್ ತೆಗೆದಿದ್ದೇನೆ.

ಶುಭೋದಯ ಅಂಕಲ್ ಗುಂಪಿನಿಂದ ಹೊರಗೆ ಹೋಗಿದ್ದಾರೆ.

ಹಾಸನದ ಅಪ್ಪ: ಮೇಡಂ, ಟೂರ್ನಮೆಂಟಿನವರಿಗೆ ಫೋನ್ ಮಾಡಿ ಹೆಸರು ತೆಗೆಸಿದೆ. ಕಟ್ಟಿದ ಫೀ ವಾಪಸ್ ಇಲ್ಲವಂತೆ. ಹುಡುಗ ಊಟ ಬಿಟ್ಟು ಬಾಗಿಲು ಹಾಕಿಕೊಂಡಿದ್ದಾನೆ. ನಾಳೆ ಬೆಳಿಗ್ಗೆ ಡಾಕ್ಟರ್ ಸಿಗುತ್ತಾರೆ.

ಫಿಸಿಯೋ ಮೇಡಂ: ಒಳ್ಳೆಯದು ಮಾಡಿದಿರಿ. ಹಳೇ ಎಕ್ಸ್‌ರೇ ಫಿಲ್ಮ್ ತೆಗೆದುಕೊಂಡು ಹೋಗಿ, ಬರೀ ರಿಪೋರ್ಟ್ ಸಾಲದು. ಒದೆಸಿದ್ದನ್ನು ಮುಚ್ಚಿಡಬೇಡಿ, ಬೈದರೂ ಹೇಳಿ. ಹುಡುಗನ ಕೈಗೆ ಫೋನ್ ಕೊಡಿ, ಬೇಕಾದರೆ ನಾನು ಎರಡು ಮಾತು ಆಡುತ್ತೇನೆ.

ಸಂಜೆ ಡಬಲ್ಸ್: ಮೇಡಂ, ಬೆಲ್ಟ್ ಹಾಕಬಹುದಾ ಅಂತ ಕೇಳಿದ್ದೆ. ಅದೊಂದಕ್ಕೆ ಉತ್ತರ ಬರಲೇ ಇಲ್ಲ.

ಅಡ್ಮಿನ್: ಮೇಡಂ ಫೋನಿನಲ್ಲಿ ಇದ್ದಾರೆ. ಕಾಮೆಂಟ್ ಬಂದ್ ಮಾಡುತ್ತಿದ್ದೇನೆ.