ಆಲಮಟ್ಟಿ ಹಿನ್ನೀರಾಗ ಬ್ಲೂಫಿನ್ ಟ್ಯೂನಾ ಸಾಕಬಹುದೇನ್ರಿ?

ಬೀಳಗಿ ರೈತ:

ಎಲ್ಲಾರಿಗೂ ಶರಣ್ರಿ. ನಮ್ಮ ಹೊಲ ಅರ್ಧಕ್ಕರ್ಧ ಹಿನ್ನೀರಿಗೆ ಹೋಗೇತಿ. ಉಳದದ್ದರಾಗ ಕಬ್ಬು, ಕೃಷಿ ಹೊಂಡದಾಗ ಕಾಟ್ಲಾ, ರೋಹು ಬಿಟ್ಟೀನಿ. ನಮ್ಮ ಅಳಿಯ ಒಂದು ವಿಡಿಯೋ ಕಳಿಸ್ಯಾನ, ಜಪಾನದಾಗ ಒಂದ ಒಂದು ಬ್ಲೂಫಿನ್ ಟ್ಯೂನಾ ಮೀನು 21 ಕೋಟಿ ರೂಪಾಯಿಗೆ ಹೋತಂತ. ಅದರ ಕೆಳಗ ಯಾರೋ "ಟ್ಯೂನಾ ಪಂಜರ ಸಾಕಾಣಿಕೆ, ಮರಿ ನಾವ ಕೊಡ್ತೀವಿ, ಮೊದಲ ಮುಂಗಡ ಕಟ್ರಿ" ಅಂತ ಫೋನ್ ನಂಬರ್ ಹಾಕ್ಯಾರ. ಜಿಲೇಬಿ ಮೀನಿಗೆ ಪಂಜರ ಹಾಕಿದ್ದು ನೋಡೀನಿ. ಟ್ಯೂನಾಕ್ಕೂ ಹಂಗ ಆಗತೈತೇನು? ಒಂದು ಮೀನಿಗೆ ಅಷ್ಟು ರೊಕ್ಕ ಯಾಕ ಕೊಡ್ತಾರ? ತಿಳದವರು ಹೇಳ್ರಿ.

ಮುಧೋಳದಿಂದ ಮಾಲ್ಟಾ:

ಕಾಕಾ, ಮೊದಲ ಆ ನಂಬರಿಗೆ ಒಂದು ರೂಪಾಯಿನೂ ಹಾಕಬ್ಯಾಡ್ರಿ. ಉಳದದ್ದು ನಿಧಾನಕ್ಕ ಹೇಳ್ತೀನಿ. ನಾ ಮಾಲ್ಟಾದಾಗ ಟ್ಯೂನಾ ಪಂಜರದ ದೋಣಿ ಮ್ಯಾಲ ಮೇವು ಹಾಕೂ ಕೆಲಸ ಮಾಡಿ ಬಂದಾಂವ.

21 ಕೋಟಿ ಮಾತು ಖರೆ. 2019ರ ಜನವರಿ, ಟೋಕಿಯೋದ ತೊಯೋಸು ಮಾರ್ಕೆಟ್, 278 ಕೆಜಿ ಮೀನು, 33.36 ಕೋಟಿ ಯೆನ್. ತುಗೊಂಡಾಂವ ಕಿಯೋಶಿ ಕಿಮುರಾ, ಸುಶಿ ಹೋಟೆಲ್‌ಗಳ ಮಾಲಕ. ಆದ್ರ ಅದು ಹೊಸ ವರ್ಷದ ಮೊದಲನೇ ಸವಾಲು. ಅವತ್ತ ಗೆದ್ದಾಂವನ ಫೋಟೋ ಜಗತ್ತಿನ ಎಲ್ಲಾ ಪೇಪರ್‌ದಾಗ ಬರತೈತಿ. ಆ ರೊಕ್ಕ ಜಾಹೀರಾತಿಂದು, ಮೀನಿಂದಲ್ಲ. ಮರುದಿನದ ರೇಟಿಗೂ ಅದಕ್ಕೂ ಸಂಬಂಧನ ಇಲ್ಲ.

ಇನ್ನ ಸಾಕಾಣಿಕೆ. ಮಾಲ್ಟಾದಾಗ, ಸ್ಪೇನ್‌ದಾಗ ಟ್ಯೂನಾ ಫಾರ್ಮ್ ಅಂತ ಏನ ಅಂತಾರಲ್ಲ, ಅಲ್ಲಿ ಮರಿ ಹುಟ್ಟಂಗಿಲ್ಲ ಕಾಕಾ. ಮೇ ಕೊನಿಗೆ ಮೀನು ಮೊಟ್ಟಿ ಇಡಾಕ ಅಟ್ಲಾಂಟಿಕ್‌ದಿಂದ ಮೆಡಿಟರೇನಿಯನ್ ಸಮುದ್ರದೊಳಗ ಬರ್ತಾವ. ಪರ್ಸೀನ್ ಬೋಟಿನವರು ಹಿಂಡಿನ ಸುತ್ತ ಬಲಿ ಹಾಕಿ ಜೀವಂತ ಹಿಡೀತಾರ, ಬಲಿಯಿಂದ ತೇಲೂ ಪಂಜರಕ್ಕ ಬಾಗಲಾ ತಗದು ದಾಟಿಸ್ತಾರ, ಆ ಪಂಜರಾನ ತಾಸಿಗೆ ಎರಡು ಕಿಲೋಮೀಟರ್ ಮೀರದಂಗ ಎಳಕೊಂಡು ಬರ್ತಾರ. ಜೋರಾಗಿ ಎಳದ್ರ ಮೀನು ಬಲಿಗೆ ಒತ್ತಿ ಸಾಯ್ತಾವ. ಆಮ್ಯಾಲ ಚಳಿಗಾಲದ ತನಕಾ ಮೇಯಿಸೂದು. ಅಮೀನಗಡ ಸಂತಿಯಿಂದ ಟಗರು ತಂದು ಬಕ್ರೀದ್ ತನಕಾ ಮೇಯಿಸಿ ಮಾರ್ತಾರಲ್ಲ, ಅಷ್ಟ ಅದು.

ಮೇವು ಅಂದ್ರ ಹಿಟ್ಟು, ಹಿಂಡಿ ಅಲ್ಲ. ಐಸ್ ಗಡ್ಡಿ ಆದ ಬಂಗಡೆ, ಹೆರ್ರಿಂಗ್, ಸ್ಕ್ವಿಡ್, ಅದೂ ಬ್ಯಾರೆ ದೇಶದಿಂದ ಹಡಗದಾಗ ಬಂದದ್ದು. ಒಂದು ಕೆಜಿ ತೂಕ ಏರಬೇಕಂದ್ರ ಹತ್ತು ಕೆಜಿಗೂ ಹೆಚ್ಚು ಮೀನು ತಿನ್ನಿಸಬೇಕು. ಬ್ಯಾಸಗ್ಯಾಗ ಆ ಮೇವಿನ ಎಣ್ಣಿ ನೀರಿನ ಮ್ಯಾಲ ತೇಲಿ ದಂಡಿಗೆ ಹತ್ತತೈತಿ, ಈಜಾಕ ಬಂದ ಮಂದಿ ಬೈತಾರ. ಬೈದ್ರ ತಪ್ಪೇನಿಲ್ಲ ಬಿಡ್ರಿ.

ಕೊಲ್ಲೂ ದಿನ ನೋಡಬೇಕ್ರಿ. ಮುಳುಗುಗಾರ ನೀರಾಗ ಇಳದು ತಲಿಗೆ ಒಂದ ಗುಂಡು. ಒದ್ದಾಡಾಕ ಬಿಟ್ರ ಮೈ ಕಾದು ಮಾಂಸ ಬೆಂದಂಗ ಬಿಳಚತೈತಿ, ರೇಟ್ ಬಿತ್ತು. ಬಾಲಕ್ಕ ಹಗ್ಗ ಹಾಕಿ ಕ್ರೇನ್‌ಲೆ ಎತ್ತಿ, ರಕ್ತ ಬಸದು, ಬೆನ್ನುಹುರಿಯೊಳಗ ತಂತಿ ತೂರಿಸಿ, ಕಿವಿರು, ಕರಳು ತಗದು, ಐಸ್ ನೀರಿಗೆ ಹಾಕ್ತಾರ. ಹೊಟ್ಟಿಯೊಳಗ ಕೈ ಹಾಕಿದ್ರ ಬೆಚ್ಚಗ ಇರತೈತಿ, ಮೀನು ಅಂತ ಅನಸಂಗಿಲ್ಲ. ಜಪಾನಿನಾಂವ ಬಾಲದ ಹತ್ರ ಒಂದು ದುಂಡನ ತುಂಡು ಕೊಯ್ದು, ಬೆಳಕಿಗೆ ಹಿಡದು, ಬೆರಳಾಗ ತಿಕ್ಕಿ ಕೊಬ್ಬು ನೋಡ್ತಾನ. ಮಾತಾಡಂಗಿಲ್ಲ. ಮುಂದ ಮೈನಸ್ 60 ಡಿಗ್ರಿ ಫ್ರೀಜರ್ ಹಡಗು.

ಮೀನು ಓದಿದ ಹುಡುಗಿ, ವಿಜಯಪುರ:

ಅಣ್ಣ ಹೇಳಿದ ಬೆಚ್ಚಗಿನ ಹೊಟ್ಟೆಯೇ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಕಾಕಾ. ಹೆಚ್ಚಿನ ಮೀನುಗಳ ಮೈ ನೀರಿನಷ್ಟೇ ತಣ್ಣಗಿರುತ್ತದೆ. ಬ್ಲೂಫಿನ್‌ನಲ್ಲಿ ಬಿಸಿ ರಕ್ತದ ನಾಳಗಳೂ ತಣ್ಣನೆ ರಕ್ತದ ನಾಳಗಳೂ ಒಂದಕ್ಕೊಂದು ತಾಗಿ ಹೆಣೆದುಕೊಂಡಿವೆ. ಸ್ನಾಯುವಿನ ಶಾಖ ಕಿವಿರಿನ ಮೂಲಕ ನೀರಿಗೆ ಹೋಗುವ ಮೊದಲೇ ಒಳಗೆ ಬರುವ ರಕ್ತಕ್ಕೆ ದಾಟಿಬಿಡುತ್ತದೆ. ಹಾಗಾಗಿ ತಣ್ಣನೆ ನೀರಲ್ಲೂ ಸ್ನಾಯು 10 ಡಿಗ್ರಿಗಿಂತ ಹೆಚ್ಚು ಬಿಸಿಯಾಗಿರುತ್ತದೆ. ಕೆನಡಾ, ನಾರ್ವೆ ಕಡೆಯ ಸಮುದ್ರದಲ್ಲೂ ಬೇಟೆಯಾಡಲು ಅದೇ ಬಲ. ಆದರೆ ಬಾಯಿ ತೆರೆದು ಮುಂದೆ ಈಜುತ್ತಲೇ ಇದ್ದರೆ ಮಾತ್ರ ಕಿವಿರಿಗೆ ನೀರು ಹಾಯುತ್ತದೆ, ನಿಂತರೆ ಉಸಿರು ಕಟ್ಟುತ್ತದೆ. ನಿಮ್ಮ ಹೊಂಡದಲ್ಲಿ ಎಲ್ಲಿಗೆ ಈಜಬೇಕು? ಅದಕ್ಕೂ ಮೊದಲು, ಅದು ಉಪ್ಪುನೀರಿನ ಮೀನು. ಕೃಷ್ಣೆಯ ಸಿಹಿನೀರಲ್ಲಿ ಬದುಕುವುದಿಲ್ಲ.

ಮೊಟ್ಟೆಯಿಂದ ಸಾಕಿದವರು ಇಲ್ಲವೆಂದಲ್ಲ. ಜಪಾನಿನ ಕಿಂದಾಯ್ ವಿಶ್ವವಿದ್ಯಾಲಯ 1970ರಲ್ಲಿ ಶುರು ಮಾಡಿ, ಸಾಕಿದ ಮೀನಿನ ಮೊಟ್ಟೆಯಿಂದಲೇ ಮತ್ತೆ ಮರಿ ಮಾಡಿದ್ದು 2002ರಲ್ಲಿ. ನಡುವೆ ಹನ್ನೊಂದು ವರ್ಷ ಮೀನು ಮೊಟ್ಟೆಯನ್ನೇ ಇಡಲಿಲ್ಲ. ಮರಿಗಳು ಒಂದನ್ನೊಂದು ತಿನ್ನುತ್ತವೆ, ಸ್ವಲ್ಪ ಬೆಳೆದ ಮೇಲೆ ಬೆಚ್ಚಿಬಿದ್ದು ಬಲೆಗೆ ಡಿಕ್ಕಿ ಹೊಡೆದು ಸಾಯುತ್ತವೆ. ಭಾರತದಲ್ಲಿ ಬ್ಲೂಫಿನ್ ಮರಿ ಮಾಡುವ ಹ್ಯಾಚರಿಯೇ ಇಲ್ಲ. ಮುಂಗಡ ಕೇಳಿದವರು ಯಾವ ಮರಿ ಕೊಡುತ್ತಾರೋ ನೋಡಬೇಕು!

ಬೀಳಗಿ ರೈತ:

ತಿಳೀತವ್ವ. ನಂಬರ್ ಅಳಿಸಿ ಹಾಕೀನಿ. ಇನ್ನೊಂದ ಮಾತು. ಮೊಟ್ಟಿ ಇಡಾಕ ಬಂದ ಮೀನನ್ನ ಹಿಡದ್ರ ಸಂತತಿ ಉಳೀತೈತೇನು? ನಮ್ಮ ಹಿನ್ನೀರಾಗ ಸಣ್ಣ ಕಣ್ಣಿನ ಬಲಿ ಹಾಕಿ ಬೆರಳುದ್ದದ ಮರಿ ಬಳಕೊಂಡು ಹೋಗ್ತಾರ. ಕೇಳಾವರ ಇಲ್ಲ.

ಮುಧೋಳದಿಂದ ಮಾಲ್ಟಾ:

ಉಳೀತಿದ್ದಿಲ್ಲ ಕಾಕಾ, ಹೋಗೂದ ಇತ್ತು. ಅಟ್ಲಾಂಟಿಕ್ ಟ್ಯೂನಾಕ್ಕ ಐಕ್ಯಾಟ್ ಅಂತ ದೇಶ ದೇಶಗಳ ಆಯೋಗ ಐತಿ, ಮ್ಯಾಡ್ರಿಡ್‌ದಾಗ. 2007ರಾಗ ಪೂರ್ವದ ಭಾಗಕ್ಕ, ಅಂದ್ರ ಮೆಡಿಟರೇನಿಯನ್ ಸೇರಿಸಿ, 29,500 ಟನ್ ಹಿಡೀರಿ ಅಂದಿದ್ರು. ಹಿಡದದ್ದು 60,000 ಟನ್ ಹತ್ರ ಇರಬೇಕು ಅಂತ ಅವರ ವಿಜ್ಞಾನಿಗಳ ಅಂದಾಜು ಮಾಡಿದ್ರು. 2010ರಾಗ ಮೊನಾಕೊ ದೇಶದವರು ಇದರ ಅಂತಾರಾಷ್ಟ್ರೀಯ ಮಾರಾಟನ ಬಂದ್ ಮಾಡ್ರಿ ಅಂತ ವನ್ಯಜೀವಿ ಮಾರಾಟದ ಬಗ್ಗೆ ನಡದ ದೋಹಾ ಸಭಾದಾಗ ಕೇಳಿದ್ರು, ಜಪಾನ ಮತ್ತ ಹಲವು ದೇಶ ಕೂಡಿ ಬೀಳಿಸಿಬಿಟ್ರು. ಆದ್ರ ಆ ಅಂಜಿಕಿ ಕೆಲಸ ಮಾಡ್ತು. ಅದ ವರ್ಷದ ಕೋಟಾ 13,500ಕ್ಕ ಇಳೀತು.

ನಾ ಹೋಗೂ ಹೊತ್ತಿಗೆ ಎಲ್ಲಾ ಲೆಕ್ಕ. ಪರ್ಸೀನ್ ಬೋಟಿಗೆ ವರ್ಷದಾಗ ಐದಾರು ವಾರ ಅಷ್ಟ ಪರವಾನಗಿ. ಬೋಟಿನ ಮ್ಯಾಲ ಹೊರಗಿನ ವೀಕ್ಷಕ. ಸಾಮಾನ್ಯವಾಗಿ 30 ಕೆಜಿ ಇಲ್ಲಾ 115 ಸೆಂಟಿಮೀಟರ್‌ಕಿಂತ ಸಣ್ಣದು ಮುಟ್ಟಂಗಿಲ್ಲ. ಪಂಜರಕ್ಕ ದಾಟೂ ಬಾಗಲದಾಗ ಜೋಡಿ ಕ್ಯಾಮೆರಾ, ಅದರಾಗ ಒಂದಿಷ್ಟು ಮೀನಿನ ಉದ್ದ ಅಳದು ತೂಕ ಲೆಕ್ಕ ಹಾಕ್ತಾರ. ಕೋಟಾಕ್ಕಿಂತ ಹೆಚ್ಚು ಬಂದ್ರ ಬಲಿ ಬಿಚ್ಚಿ ಸಮುದ್ರಕ್ಕ ಬಿಡಬೇಕು. ಮಾಲಕ ಮುಂದ ನಿಂತು ಬಿಡಿಸ್ತಿದ್ದ, ಮಾರಿ ನೋಡಂಗ ಇರ್ತಿದ್ದಿಲ್ಲ. ಹಿಡದ ಲೆಕ್ಕದ ಕಾಗದ ಇಲ್ಲದ ಮೀನು ಜಪಾನಿಗೆ ಹೋಗಂಗಿಲ್ಲ. ಕಳ್ಳತನ ಪೂರಾ ನಿಂತಿಲ್ಲ, ಆದ್ರ ನನ್ನ ಕೇಳಿದ್ರ ಮೀನು ಉಳಿಸಿದ್ದು ಮಂದಿ ಒಳ್ಳೇತನ ಅಲ್ಲ, ಆ ಕಾಗದ. 2023ಕ್ಕ ಪೂರ್ವದ ಕೋಟಾ 40,570 ಟನ್‌ಗೆ ಏರಿತ್ತು. ಹಿನ್ನೀರಾಗೂ ಬಲಿ ಕಣ್ಣು ಅಳಿಯಾಂವ ಒಬ್ಬ ದಂಡಿಗೆ ನಿಂತ್ರ ಅರ್ಧ ಕೆಲಸ ಆಗತೈತಿ.

ಕ್ಯಾಂಪ್ ಬೆಳಗಾವಿ:

ಇಲ್ಲೊಂದು ಹೊಸಾ ಹೋಟೆಲ್ ಮೆನುದಾಗ "ಬ್ಲೂಫಿನ್ ಫ್ರೈ" ಅಂತ ಹಾಕ್ಯಾರ. ನೋಡಿದ್ರ ಮಾರ್ಕೆಟ್‌ದಾಗ ಗೋವಾ, ಕಾರವಾರದಿಂದ ಬರೂ ಕುಪಾ, ಅಂದ್ರ ಇಲ್ಲಿ ಟ್ಯೂನಾ, ಇದ್ದಂಗ ಇತ್ತು. ಇದು ಖರೇನ ಬ್ಲೂಫಿನ್ ಏನು?

ಮೀನು ಓದಿದ ಹುಡುಗಿ, ವಿಜಯಪುರ:

ಅಲ್ಲ ಸರ್. ಹಿಂದೂ ಮಹಾಸಾಗರದಲ್ಲಿ ಸಿಗುವುದು ದಕ್ಷಿಣದ ಬ್ಲೂಫಿನ್. ಮೊಟ್ಟೆ ಇಡುವುದು ಜಾವಾ ದ್ವೀಪದ ದಕ್ಷಿಣಕ್ಕೆ, ಬದುಕುವುದು ಇನ್ನೂ ದಕ್ಷಿಣದ ತಣ್ಣನೆ ನೀರಲ್ಲಿ. ನಮ್ಮ ಕರಾವಳಿಗೆ ಬರುವುದಿಲ್ಲ. ಇಲ್ಲಿಯ ಬಲೆಗೆ ಬೀಳುವುದು ಯೆಲ್ಲೋಫಿನ್, ಸ್ಕಿಪ್‌ಜಾಕ್, ಲಾಂಗ್‌ಟೇಲ್, ಮತ್ತೆ ಸಣ್ಣ ಜಾತಿಯ ಟ್ಯೂನಾಗಳು. ನಿಮ್ಮ ತಟ್ಟೆಯಲ್ಲಿದ್ದದ್ದು ಇವುಗಳಲ್ಲೊಂದು. ರುಚಿಗೇನೂ ಕಡಿಮೆ ಇಲ್ಲ, ರೇಟ್ ಮಾತ್ರ ಕುಪಾದ್ದೇ ಕೊಡಿ.

ಒಂದು ಎಚ್ಚರ. ಟ್ಯೂನಾ, ಬಂಗಡೆ ಐಸ್ ಇಲ್ಲದೆ ಬಿಸಿಲಲ್ಲಿ ಕೂತರೆ ಮಾಂಸದಲ್ಲಿ ಹಿಸ್ಟಮಿನ್ ಹುಟ್ಟುತ್ತದೆ. ಹುರಿದರೂ ಕುದಿಸಿದರೂ ಅದು ಹೋಗುವುದಿಲ್ಲ. ಮುಖ ಕೆಂಪಾಗಿ, ಮೈ ತುರಿಸಿ, ತಲೆನೋವು ಬರುತ್ತದೆ. ಏಪ್ರಿಲ್, ಮೇನಲ್ಲಿ ಘಟ್ಟ ಹತ್ತಿ ಬಂದ ಮೀನಿನ ಡಬ್ಬಿಯಲ್ಲಿ ಐಸ್ ಉಳಿದಿದೆಯೇ ನೋಡಿ ಕೊಳ್ಳಿ. ತಿನ್ನುವಾಗ ನಾಲಿಗೆ ಮೆಣಸು ತಾಗಿದ ಹಾಗೆ ಚುರುಗುಟ್ಟಿದರೆ ಅಲ್ಲಿಗೇ ಬಿಟ್ಟುಬಿಡಿ.

ಕ್ಯಾಂಪ್ ಬೆಳಗಾವಿ:

ಖಾರ ಜಾಸ್ತಿ ಆಗೇತಿ ಅಂತ ಅಡಗಿಯಾಂವಗ ಬೈದು ಬಂದೀನಲ್ರಿ! ಮೈ ಏನೂ ತುರಿಸಿಲ್ಲ, ಹಂಗಾರ ಬರೇ ಖಾರನ ಇರಬೇಕು.